ಚಿಂತಿಗೆ ಎಷ್ಟು ಅಂಕ?

ಸಾಹಿತ್ಯ ಓದುವವರು ಸಾಮಾನ್ಯವಾಗಿ ಪ್ರಶ್ನಾವಳಿಗಳನ್ನು ಓದುವುದಿಲ್ಲ. ನಾನೂ ಓದಿದವನಲ್ಲ. ರಾಯಚೂರಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಅಂಥದೊಂದನ್ನು ಸಾಲು ಸಾಲಾಗಿ ಓದುವ ಪ್ರಸಂಗ ಬಂದದ್ದು ಗೆಳೆಯನೊಬ್ಬನಿಂದ. ಅವನು ಬೆಂಗಳೂರಿನ ಕಡೆಯವನು. ಹಳ್ಳಿಯ ಹೆಣ್ಣುಮಕ್ಕಳ ಮಾನಸಿಕ ಆರೋಗ್ಯದ ಮೇಲೆ ಪಿಎಚ್.ಡಿ. ಮಾಡುತ್ತಿದ್ದ. ಕ್ಷೇತ್ರಕಾರ್ಯಕ್ಕೆ ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳನ್ನು ಆರಿಸಿಕೊಂಡಿದ್ದ. ‘ನಿಮ್ಮ ಕಡೆಯ ಕನ್ನಡ ನನಗೆ ಪೂರ್ತಿ ತಿಳಿಯೋದಿಲ್ಲ, ಒಂದು ವಾರ ಜೊತೆಗೆ ಬಾ’ ಎಂದ. ಹೋದೆ.

ಅವನ ಕೈಯಲ್ಲಿ ಒಂಬತ್ತು ಪ್ರಶ್ನೆಗಳ ಹಾಳೆ ಇತ್ತು. ಜಗತ್ತಿನಾದ್ಯಂತ ಖಿನ್ನತೆ ಅಳೆಯಲು ಬಳಸುವ ಪಿಎಚ್‌ಕ್ಯೂ-9 ಎಂಬ ಮಾಪನದ ಕನ್ನಡ ರೂಪ ಅದು. ಕಳೆದ ಎರಡು ವಾರಗಳಲ್ಲಿ ಇಂಥಿಂಥ ತೊಂದರೆ ಎಷ್ಟು ದಿನ ಕಾಡಿತು ಎಂದು ಅದು ಕೇಳುತ್ತದೆ. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ಗಮನಿಸಬೇಕಾದ ಖಿನ್ನತೆ ಇರಬಹುದು ಎಂದು ಲೆಕ್ಕ.

ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ ಹೆಂಗಸೊಬ್ಬರಿಗೆ ಮೊದಲ ಪ್ರಶ್ನೆ ಓದಿದೆವು. ಕೆಲಸಗಳಲ್ಲಿ ಆಸಕ್ತಿ ಕಡಿಮೆಯಾಗಿದೆಯೇ ಎಂಬ ಅರ್ಥದ್ದು. ‘ಆಸಕ್ತಿ’ ಎಂಬ ಮಾತು ಅವರಿಗೆ ಹತ್ತಲಿಲ್ಲ. ಸರಳ ಮಾಡುವ ಉಮೇದಿನಲ್ಲಿ ನಾನು ‘ಇಂಟ್ರೆಸ್ಟ್ ರೀ, ಇಂಟ್ರೆಸ್ಟ್’ ಅಂದೆ. ಅವರ ಮುಖ ಸಣ್ಣದಾಯಿತು. ‘ಸಂಘದ್ದೇನ್ರಿ? ಎರಡು ಕಂತು ಬಾಕಿ ಐತ್ರಿ, ಸುಗ್ಗಿ ಆದ ಮ್ಯಾಲ ಕಟ್ತೀನಿ’ ಅಂದರು. ಗೆಳೆಯ ನಕ್ಕ. ನಾನೂ ನಕ್ಕೆ. ಅವರು ನಗಲಿಲ್ಲ.

ಆಮೇಲೆ ಅವರೇ ಹೇಳಿದರು: ‘ಚಿಂತಿ ಹತ್ತೈತ್ರಿ. ತೆಲ್ಯಾಗಲ್ಲ, ಎದ್ಯಾಗ. ಒಲಿಯಾಗಿನ ಕೆಂಡ ಇರ್ತದಲ್ರಿ, ಮ್ಯಾಲ ಬೂದಿ, ಒಳಗ ಬೆಂಕಿ, ಹಂಗ.’ ಗೆಳೆಯ ನನ್ನತ್ತ ನೋಡಿ ‘ಏನಂತೆ? ಎಷ್ಟು ದಿನ?’ ಎಂದು ಕೇಳಿದ. ನಾನು ಒಂದು ಗಳಿಗೆ ಯೋಚಿಸಿ ‘ಕೆಲವು ದಿನ ಅಂತ ಬರಕೋ’ ಎಂದೆ. ಒಂದು ಅಂಕ. ಒಂಬತ್ತೂ ಪ್ರಶ್ನೆ ಮುಗಿದಾಗ ಅವರಿಗೆ ಬಂದದ್ದು ಏಳು. ಹತ್ತಕ್ಕಿಂತ ಕಡಿಮೆ. ನಾವು ಮುಂದಿನ ಮನೆಗೆ ಹೋದೆವು.

ಆ ಒಂದು ಅಂಕವನ್ನು ಕೊಟ್ಟವನು ಗೆಳೆಯನಲ್ಲ, ಅವನ ವಿಶ್ವವಿದ್ಯಾಲಯವೂ ಅಲ್ಲ, ನಾನು. ಕೆಂಡ ದಿನಕ್ಕೆಷ್ಟು ಸಲ ಉರಿಯುತ್ತದೆ ಎಂದು ಯಾರೂ ಎಣಿಸುವುದಿಲ್ಲ, ಆರದೆ ಇರುವುದೇ ಅದರ ಅರ್ಥ. ತರಗತಿಯಲ್ಲಿ ಒಂದು ರೂಪಕದ ಮೇಲೆ ಅರ್ಧ ಗಂಟೆ ಮಾತಾಡುವ ನಾನು ಆ ಕಟ್ಟೆಯ ಮೇಲೆ ಅದನ್ನು ಅರ್ಧ ನಿಮಿಷದಲ್ಲಿ ಅಂಕವಾಗಿಸಿದ್ದೆ. ಊರಿಗೆ ಬಂದ ಮೇಲೆ ಇದೇ ಕಾಡತೊಡಗಿತು. ಗೆಳೆಯನಿಂದ ಮಾನಸಿಕ ಆರೋಗ್ಯದ ಮೇಲಿನ ನಾಲ್ಕೈದು ಪ್ರಬಂಧಗಳನ್ನು ತರಿಸಿಕೊಂಡು, ಕಾದಂಬರಿ ಓದುವ ಹಾಗೆ ಓದಿದೆ: ಇಲ್ಲಿ ಮಾತಾಡುವವರು ಯಾರು, ಯಾರ ಭಾಷೆಯಲ್ಲಿ ಮಾತಾಡುತ್ತಾರೆ ಎಂದು ನೋಡುತ್ತಾ.

ನನಗೆ ಕಂಡದ್ದು ಇಷ್ಟು. ಎಲ್ಲವುಗಳಲ್ಲೂ ಒಂದು ವಾಕ್ಯ ಇದ್ದೇ ಇತ್ತು: ಪ್ರಶ್ನಾವಳಿಯನ್ನು ಸ್ಥಳೀಯ ಭಾಷೆಗೆ ಅನುವಾದಿಸಿ, ಮತ್ತೆ ಇಂಗ್ಲಿಷಿಗೆ ತಿರುಗಿಸಿ ಪರಿಶೀಲಿಸಲಾಗಿದೆ ಎಂಬ ಅರ್ಥದ್ದು. ಹೀಗೆ ಮರು ಅನುವಾದ ಮಾಡುವುದು ಒಳ್ಳೆಯ ಪದ್ಧತಿಯೇ. ಆದರೆ ಅನುವಾದಿಸಿದವರೂ ಮರಳಿ ಅನುವಾದಿಸಿದವರೂ ಪುಸ್ತಕದ ಕನ್ನಡದವರಾದರೆ ‘ಆಸಕ್ತಿ’ ಸುಖವಾಗಿ ಇಂಗ್ಲಿಷಿಗೆ ಹೋಗಿ ಸುಖವಾಗಿ ಮರಳುತ್ತದೆ. ಇಬ್ಬರೂ ಪಾಸು. ಶೇಂಗಾ ಸುಲಿಯುವವರು ಮಾತ್ರ ಆ ಪರೀಕ್ಷೆಯಲ್ಲಿ ಇರುವುದೇ ಇಲ್ಲ. ‘ಸ್ಥಳೀಯ ಭಾಷೆ’ ಎಂಬ ಎರಡು ಪದಗಳ ಅಡಿಯಲ್ಲಿ ರಾಯಚೂರಿನ ಕನ್ನಡ, ತೆಲುಗು, ದಖನಿ ಉರ್ದು, ತಾಂಡಾಗಳ ಲಂಬಾಣಿ ಎಲ್ಲವೂ ಒಟ್ಟಿಗೆ ಮುಚ್ಚಿಹೋಗುತ್ತವೆ.

ಇದಕ್ಕೆ ಬೇರೆ ದಾರಿ ಇದೆಯೇ? ಇದೆ ಎಂದು ತಿಳಿದದ್ದು ಆಫ್ರಿಕಾದ ಒಂದು ಉದಾಹರಣೆಯಿಂದ. ನಮ್ಮ ಪ್ರಬಂಧಗಳು ‘ಆಫ್ರಿಕಾದಲ್ಲಿ ಕಂಡುಬಂದಂತೆ’ ಎಂದು ಐವತ್ತಕ್ಕೂ ಹೆಚ್ಚು ದೇಶಗಳನ್ನು ಒಂದೇ ಊರು ಎಂಬಂತೆ ಉಲ್ಲೇಖಿಸುತ್ತವೆ, ಹಾಗಾಗಿ ಊರಿನ ಹೆಸರನ್ನೇ ಹೇಳುತ್ತೇನೆ: ಜಿಂಬಾಬ್ವೆಯ ಹರಾರೆ. 1990ರ ದಶಕದಲ್ಲಿ ಮುಂಬೈ ಮೂಲದ ತರುಣ ಮನೋವೈದ್ಯ ವಿಕ್ರಮ್ ಪಟೇಲ್ ಸಂಶೋಧನೆಗೆಂದು ಅಲ್ಲಿಗೆ ಹೋದರು. ಅವರೂ ಅವರ ಸಂಗಡಿಗರೂ ಸಿದ್ಧ ಪ್ರಶ್ನಾವಳಿಯನ್ನು ಶೋನಾ ಭಾಷೆಗೆ ತಿರುಗಿಸುವ ಬದಲು ಆರೋಗ್ಯ ಕಾರ್ಯಕರ್ತರನ್ನೂ ನಾಟಿ ವೈದ್ಯರನ್ನೂ ರೋಗಿಗಳ ಮನೆಯವರನ್ನೂ ಮಾತಾಡಿಸಿದರು. ಜನ ತಮ್ಮ ಸಂಕಟಕ್ಕೆ ಬಳಸುವ ಪದಗಳನ್ನು ಕಲೆಹಾಕಿದರು. ಅದರಲ್ಲಿ ಮುಖ್ಯವಾಗಿ ಸಿಕ್ಕಿದ ಪದ ‘ಕುಫುಂಗಿಸಿಸಾ’. ಅತಿಯಾಗಿ ಯೋಚಿಸುವುದು ಎಂದು ಅದರ ಅರ್ಥ. ಆ ಕೆಲಸದ ಫಲವೇ 1997ರಲ್ಲಿ ಪ್ರಕಟವಾದ 14 ಪ್ರಶ್ನೆಗಳ ಶೋನಾ ಪ್ರಶ್ನಾವಳಿ. ಅದರ ಮೊದಲ ಪ್ರಶ್ನೆ ಕೇಳುವುದು ಈ ಯೋಚನೆಯ ಬಗ್ಗೆಯೇ.

ಕುಫುಂಗಿಸಿಸಾ ಎಂದು ಓದಿದಾಗ ನನಗೆ ನೆನಪಾದದ್ದು ‘ಚಿಂತಿ ಹತ್ತೈತ್ರಿ’. ಚಿತೆ ಸತ್ತವರನ್ನು ಸುಡುತ್ತದೆ, ಚಿಂತೆ ಬದುಕಿದ್ದವರನ್ನು ಸುಡುತ್ತದೆ ಎಂಬ ಗಾದೆ ನಮ್ಮಲ್ಲಿ ಅಕ್ಷರ ಬಾರದವರಿಗೂ ಗೊತ್ತು. ಕೆಂಡದ ಮಾತಾಡಿದ ಆ ಹೆಂಗಸು ಹೊಸದೇನನ್ನೂ ಹೇಳಿರಲಿಲ್ಲ, ಭಾಷೆ ಮೊದಲೇ ಕಂಡುಕೊಂಡಿದ್ದ ರೋಗಲಕ್ಷಣವನ್ನು ತನ್ನ ಅನುಭವದಿಂದ ದೃಢಪಡಿಸಿದ್ದರು. ಅದನ್ನು ಕೇಳುವ ಪ್ರಶ್ನೆ ಹಾಳೆಯಲ್ಲಿ ಇರಲಿಲ್ಲ ಅಷ್ಟೇ.

ಹರಾರೆಯ ಕಥೆ ಪ್ರಶ್ನಾವಳಿಗೆ ನಿಲ್ಲಲಿಲ್ಲ. 2006ರಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಅಲ್ಲಿನ ಎಂಬಾರೆ ಎಂಬ ಬಡಾವಣೆಯಲ್ಲಿ 14 ಅಜ್ಜಿಯರನ್ನು ತರಬೇತುಗೊಳಿಸಿ ‘ಗೆಳೆತನದ ಬೆಂಚು’ ಆರಂಭಿಸಿದರು. ಆಸ್ಪತ್ರೆಗೆ ಬರಬೇಕಿದ್ದ ರೋಗಿಯೊಬ್ಬಳು ಬಸ್ ಚಾರ್ಜಿಗೆ ಹಣವಿಲ್ಲದೆ ಬರಲಾಗದೆ ಜೀವ ಕಳೆದುಕೊಂಡದ್ದು ತಮ್ಮನ್ನು ಈ ಕೆಲಸಕ್ಕೆ ಹಚ್ಚಿತು ಎಂದು ಅವರು ಹೇಳಿಕೊಂಡಿದ್ದಾರೆ. ಬೆಂಚಿನ ಮೇಲೆ ಅಜ್ಜಿ ಮೊದಲು ಬಳಸುವುದು ಅದೇ 14 ಪ್ರಶ್ನೆಗಳನ್ನು. ಮುಂದಿನ ಹಂತಗಳಿಗೂ ಶೋನಾದ ಹೆಸರುಗಳೇ: ಮನಸ್ಸನ್ನು ತೆರೆಯುವುದು, ಎತ್ತುವುದು, ಗಟ್ಟಿಮಾಡುವುದು. 24 ಆರೋಗ್ಯ ಕೇಂದ್ರಗಳಲ್ಲಿ 573 ಜನರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಂಚಿನ ಮೇಲೆ ಕೂತವರು ಆರು ತಿಂಗಳ ನಂತರ ಉಳಿದವರಿಗಿಂತ ಸ್ಪಷ್ಟವಾಗಿ ಸುಧಾರಿಸಿದ್ದರು. ದೇವದುರ್ಗದಿಂದ ರಾಯಚೂರಿನ ದೊಡ್ಡಾಸ್ಪತ್ರೆಗೆ 50 ಕಿಲೋಮೀಟರಿಗೂ ಹೆಚ್ಚು. ಕೂಲಿ ಬಿಟ್ಟು ಜೊತೆಗೊಬ್ಬರನ್ನು ಕರೆದುಕೊಂಡು ಬರಬೇಕು. ಬಸ್ ಚಾರ್ಜಿನ ಮಾತು ನಮಗೆ ಪರದೇಶದ್ದಲ್ಲ.

ಪದದಿಂದ ಕಾಯಿಲೆಯನ್ನು ಹಿಡಿಯುವ ರೂಢಿ ಈ ನೆಲಕ್ಕೂ ಹೊಸದಲ್ಲ. ಮಾನ್ವಿಯ ಜಗನ್ನಾಥದಾಸರ ಐತಿಹ್ಯ ಇಲ್ಲಿ ಮಕ್ಕಳಿಗೂ ಗೊತ್ತು. ಸಂಸ್ಕೃತ ಪಂಡಿತ ಶ್ರೀನಿವಾಸಾಚಾರ್ಯರು ಕನ್ನಡದಲ್ಲಿ ಹಾಡು ಕಟ್ಟುವ ವಿಜಯದಾಸರನ್ನು ಹಗುರಾಗಿ ಕಂಡರು, ಅವರ ಕರೆಗೆ ಹೊಟ್ಟೆನೋವಿನ ನೆಪ ಹೇಳಿದರು, ನೆಪವೇ ನಿಜವಾದ ಶೂಲೆಯಾಯಿತು. ಕೊನೆಗೆ ಗೋಪಾಲದಾಸರ ಬಳಿ ಹೋಗಿ ವಾಸಿಯಾದರು, ಕನ್ನಡದಲ್ಲಿ ಬರೆಯತೊಡಗಿದರು. ಗೋಪಾಲದಾಸರು ಕೊಟ್ಟದ್ದು ಜೋಳದ ರೊಟ್ಟಿ ಎನ್ನುವವರೂ ಇದ್ದಾರೆ. ನಾನು ಇದನ್ನು ಪವಾಡವಾಗಿ ಓದುತ್ತಿಲ್ಲ. ಕಾಯಿಲೆ ಪಾಪದ ಫಲ ಎಂಬ ನಂಬಿಕೆಯೂ ಇದರಲ್ಲಿ ಅಡಗಿದೆ, ಆ ನಂಬಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ಮನಸ್ಸಿನ ಕಾಯಿಲೆ ಬಾಗಿಲ ಹಿಂದೆ ಉಳಿಯುತ್ತದೆ. ಆದರೆ ಮನಸ್ಸಿನ ತೊಡಕು ಹೊಟ್ಟೆಯಲ್ಲಿ ನೋವಾಗಿ ಕಾಣಿಸಿಕೊಳ್ಳುತ್ತದೆ ಎಂಬ ತಿಳಿವಳಿಕೆ ಈ ಕಥೆಯಲ್ಲಿದೆ. ಇಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ‘ಹೊಟ್ಟ್ಯಾಗ ಸಂಕಟ, ಕೈಕಾಲು ಸೆಳೆತ, ನಿದ್ದಿ ಹತ್ತವಲ್ದು’ ಎಂದು ಮಾತ್ರೆ ಒಯ್ಯುವವರಲ್ಲಿ ಎಷ್ಟು ಜನ ಇಂಥದನ್ನೇ ಹೇಳುತ್ತಿದ್ದಾರೋ.

ಇಷ್ಟು ಹೇಳಿದರೆ ಸಂಶೋಧಕರು ಒಂದು ನ್ಯಾಯವಾದ ಪ್ರಶ್ನೆ ಕೇಳುತ್ತಾರೆ. ಗೆಳೆಯನೂ ಕೇಳಿದ: ‘ಪ್ರತಿ ತಾಲ್ಲೂಕಿಗೂ ಒಂದು ಪ್ರಶ್ನಾವಳಿ ಮಾಡಿದರೆ ಹೋಲಿಸೋದು ಹೇಗೆ? ಅಂಕಿ ಇಲ್ಲದಿದ್ದರೆ ಸರ್ಕಾರ ಒಬ್ಬ ವೈದ್ಯನನ್ನಾದರೂ ಕೊಡುತ್ತದೆಯೇ?’ ಅವನ ಮಾತು ಸರಿ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆದು, ವಯಸ್ಕರಲ್ಲಿ ನೂರಕ್ಕೆ 10.6 ಜನರಿಗೆ ಆಗ ಯಾವುದೋ ಮಾನಸಿಕ ತೊಂದರೆ ಇತ್ತು ಎಂದು ತೋರಿಸಿತು. ಆ 12ರಲ್ಲಿ ಕರ್ನಾಟಕ ಇರಲಿಲ್ಲ. ಲೆಕ್ಕವೇ ಇಲ್ಲದ ಕಡೆ ಲೆಕ್ಕ ಬೇಡ ಎನ್ನುವುದು ಹೊಟ್ಟೆ ತುಂಬಿದವರ ಮಾತಾದೀತು. ಹರಾರೆಯವರೂ ಕೊನೆಗೆ ಅಂಕಿಗೇ ಬಂದರು. ವ್ಯತ್ಯಾಸ ಇರುವುದು ಕ್ರಮದಲ್ಲಿ. ಅವರು ಮೊದಲು ಕೇಳಿಸಿಕೊಂಡರು, ಆಮೇಲೆ ಎಣಿಸಿದರು. ನಾವು ಎಣಿಸುತ್ತ ಹೋಗಿ, ಕೇಳಿಸಿಕೊಂಡದ್ದನ್ನು ಎಣಿಕೆಗೆ ಅಡ್ಡಿ ಎಂದುಕೊಂಡೆವು.

ಕೇಳಿಸಿಕೊಳ್ಳದೆ ಹೋದಾಗ ಎಣಿಕೆಯೂ ತಪ್ಪುತ್ತದೆ. ನಾವು ಹೋದದ್ದು ಬೇಸಿಗೆಯ ಮೊದಲಿಗೆ. ದೇವದುರ್ಗದ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಬೀಗ ಬಿದ್ದಿತ್ತು. ಉಳಿದವುಗಳಲ್ಲಿ ಮುದುಕರು, ಮಕ್ಕಳು. ದುಡಿಯುವ ವಯಸ್ಸಿನವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿದ್ದರು. ಬೀಗದ ಮನೆಗಳ ಎದುರು ಗೆಳೆಯನ ಹಾಳೆಯಲ್ಲಿ ‘ಲಭ್ಯವಿಲ್ಲ’ ಎಂದು ಬಿತ್ತು. ಈ ತಾಲ್ಲೂಕಿನ ಅತಿ ದೊಡ್ಡ ಮನೋವ್ಯಥೆಯೇ ಆ ‘ಲಭ್ಯವಿಲ್ಲ’ದಲ್ಲಿ ಇರಬಹುದು. ಮಾನ್ವಿಯದು ಬೇರೆ ಕಥೆ. ಅಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದವರಿಗೆ ನೀರು ಬರುತ್ತದೋ ಇಲ್ಲವೋ ಎಂಬುದೇ ನಿದ್ದೆಗೆಡಿಸುವ ವಿಷಯ. ಇಬ್ಬರ ಚಿಂತೆಯಲ್ಲೂ ಸಾಲ ಇದೆ. ಸಣ್ಣ ಸಾಲದ ವಸೂಲಿ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆ ದಿನ ‘ಇಂಟ್ರೆಸ್ಟ್’ ಎಂದ ಕೂಡಲೇ ಒಂದು ಮುಖ ಸಣ್ಣದಾದದ್ದು ಅನುವಾದದ ತಮಾಷೆ ಎಂದುಕೊಂಡಿದ್ದೆ. ಅದು ಉತ್ತರವೇ ಆಗಿತ್ತು.

ಕರ್ನಾಟಕಕ್ಕೆ ಈ ಕ್ಷೇತ್ರದಲ್ಲಿ ಒಳ್ಳೆಯ ಪರಂಪರೆಯೂ ಇದೆ. 1985ರಲ್ಲಿ ನಿಮ್ಹಾನ್ಸ್ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ಒಯ್ಯಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಸಿ.ಆರ್. ಚಂದ್ರಶೇಖರ್ ಅವರಂಥ ವೈದ್ಯರು ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲೇ ಪುಸ್ತಕದ ಮೇಲೆ ಪುಸ್ತಕ ಬರೆದರು. 2022ರಿಂದ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೂ ಮಾತಾಡಬಹುದು. ಆ ಕಡೆ ಫೋನೆತ್ತಿದವರಿಗೆ ‘ಜೀವ ಬ್ಯಾಸತ್ತೈತಿ’ ಎಂಬುದು ಬರೀ ದಣಿವಿನ ಮಾತೋ, ಕೂಡಲೇ ಗಮನಿಸಬೇಕಾದ ಮಾತೋ ತಿಳಿಯಬೇಕು. ನಮ್ಮಲ್ಲಿ ಎರಡಕ್ಕೂ ಅದೇ ಮಾತು, ದನಿ ಬೇರೆ. ಈ ವ್ಯತ್ಯಾಸವನ್ನು ಗುರುತಿಸಿ ಬರೆದಿಡುವುದು ವೈದ್ಯರೊಬ್ಬರ ಕೆಲಸವಲ್ಲ. ಭಾಷೆ ಓದಿದವರೂ ಜೊತೆಗೆ ಕೂರಬೇಕು. ರಾಯಚೂರಿಗೆ ಈಗ ತನ್ನದೇ ವಿಶ್ವವಿದ್ಯಾಲಯ ಇದೆ, ವೈದ್ಯಕೀಯ ಕಾಲೇಜು ಇದೆ. ಕನ್ನಡ ಎಂ.ಎ. ಮಾಡುವ ವಿದ್ಯಾರ್ಥಿಗಳು ಒಂದು ವರ್ಷ ಸಂತೆ, ಆಸ್ಪತ್ರೆ, ದರ್ಗಾ, ಗುಡಿಗಳಲ್ಲಿ ಕೂತು ಸಂಕಟದ ಮಾತುಗಳನ್ನು ಸಂಗ್ರಹಿಸಿದರೆ ಅದು ಜಾನಪದವೂ ಆದೀತು, ಸಾರ್ವಜನಿಕ ಆರೋಗ್ಯವೂ ಆದೀತು.

ಗೆಳೆಯನೊಂದಿಗೆ ಎರಡು ತಿಂಗಳು ಫೋನಿನಲ್ಲಿ ಜಗಳವಾಡಿದೆ. ಕೊನೆಗೆ ಅವನು, ಆ ವಾರ ನಾನು ಹಾಳೆಯ ಹಿಂಬದಿಯಲ್ಲಿ ಗೀಚಿಕೊಂಡಿದ್ದ ಮಾತುಗಳನ್ನೆಲ್ಲ ಕಳಿಸಲು ಹೇಳಿದ. ಮಾರ್ಗದರ್ಶಕರನ್ನು ಹೇಗೋ ಒಪ್ಪಿಸಿದ. ಇನ್ನೂರಕ್ಕೂ ಹೆಚ್ಚು ಪುಟಗಳ ಆ ಇಂಗ್ಲಿಷ್ ಪ್ರಬಂಧದ ಅನುಬಂಧದಲ್ಲಿ ಈಗ ಎರಡು ಪುಟ ಕನ್ನಡ ಇದೆ. ಚಿಂತಿ ಹತ್ತೈತಿ, ಎದಿ ಧಸಕ್ ಅಂತೈತಿ, ಮನಸಿಗೆ ಹಚ್ಕೊಂಡಾಳ, ಕರುಳು ಹಿಂಡಿದಂಗ ಆಗತೈತಿ. ಪಕ್ಕದಲ್ಲಿ ಯಾವ ಅಂಕವೂ ಇಲ್ಲ.

ಹಳ್ಳಿಗೆ ಮತ್ತೊಮ್ಮೆ ಹೋಗಿ ಆ ಎರಡು ಪುಟಗಳನ್ನು ಅಲ್ಲಿನ ಆಶಾ ಕಾರ್ಯಕರ್ತೆಗೆ ಕೊಟ್ಟೆ. ಆಕೆ ನಿಂತಲ್ಲೇ ಓದಿ, ಪೆನ್ನು ಕೇಳಿ, ಕೆಳಗೆ ಇನ್ನೂ ಮೂರು ಸೇರಿಸಿದಳು. ಕೆಂಡದ ಮಾತಾಡಿದವರ ಮನೆಗೆ ಹೋದೆವು. ಬೀಗ ಹಾಕಿತ್ತು. ಸಾಲ ತೀರಿಸಲು ಅವರೂ ಗುಳೆ ಹೋಗಿದ್ದರು.