ಟ್ಯಾಬ್ಲೆಟ್ಟಿನ ಶೇಕಡಾ: ಅಳತೆಯೋ, ಅಂದಾಜೋ?

ಬ್ರೂಕ್‌ಫೀಲ್ಡ್‌ನ ಸಾಫ್ಟ್‌ವೇರ್ ತಂತ್ರಜ್ಞರ ಮನೆಗಳಲ್ಲೂ ಹಳೆಯ ಟ್ಯಾಬ್ಲೆಟ್ 'ಶೇ. 20' ತೋರಿಸುತ್ತಲೇ ಆರಿಹೋಗುವುದುಂಟು. ಕಾರಣವೇನು? ಆ ಅಂಕಿ ನೇರ ಅಳತೆಯಲ್ಲ, ಅಂದಾಜು. ಲಿಥಿಯಂ-ಅಯಾನ್ ಕೋಶ ಪೂರ್ಣ ತುಂಬಿದಾಗ ಸಾಮಾನ್ಯವಾಗಿ ಸುಮಾರು 4.2 ವೋಲ್ಟ್ ಇರುತ್ತದೆ. ಬಳಕೆಯ ಬಹುಭಾಗದಲ್ಲಿ 3.7ರ ಆಸುಪಾಸಿನಲ್ಲಿ ಬಹಳ ನಿಧಾನವಾಗಿ ಇಳಿಯುತ್ತದೆ. ಹಾಗಾಗಿ ವೋಲ್ಟೇಜೊಂದರಿಂದಲೇ ಉಳಿದ ಆವೇಶವನ್ನು ನಿಖರವಾಗಿ ಹೇಳಲಾಗದು. ಪ್ರವಾಹವನ್ನು ಕಾಲದೊಡನೆ ಗುಣಿಸಿ ಕೂಡಿಸುತ್ತ ಹೋದರೆ ಸಣ್ಣ ದೋಷಗಳೂ ಕೂಡುತ್ತ ಹೋಗುತ್ತವೆ. ಕೋಶ ಹಳೆಯದಾದಂತೆ ಧಾರಣಶಕ್ತಿ ಕುಗ್ಗಿ, ಆಂತರಿಕ ರೋಧ ಹೆಚ್ಚುತ್ತದೆ. ಪೂರ್ತಿ ಚಾರ್ಜ್ ಮಾಡಿದರೆ ಲೆಕ್ಕ ಸರಿಹೋದೀತು. ಕಳೆದ ಧಾರಣಶಕ್ತಿ ಮರಳದು.

ದೋಷವ್ಯಾಪ್ತಿ ಹೇಳದೆ 'ಶೇ. 47' ಎಂದು ಬರೆದರೆ ಪ್ರಯೋಗಶಾಲೆಯಲ್ಲಿ ಅಂಕ ಕಳೆಯುತ್ತೇವೆ. ತಯಾರಕರಿಗೇಕೆ ರಿಯಾಯಿತಿ? ಉಪಾಧ್ಯಾಯರೇ, ಟ್ಯಾಬ್ಲೆಟ್ಟಿನಲ್ಲಿ ಒಂದೇ ವಿಡಿಯೊ ಓಡಿಸಿ, 10 ನಿಮಿಷಕ್ಕೊಮ್ಮೆ ಶೇಕಡಾ ಗುರುತಿಸಿ ನಕ್ಷೆ ಬರೆಸಿ. ರೇಖೆ ಎಲ್ಲಿ ಬಾಗಿತು, ಏಕೆ ಎಂದು ವಿದ್ಯಾರ್ಥಿಗಳನ್ನೇ ಕೇಳಿ.