ಅಮಲ್ದಾರನಾದ ಹುಡುಗ ಆಮೇಲೆ ಏನಾದ?

ಜೂಲಿ ಒಟ್ಸುಕಾ ಅವರ ‘ವೆನ್ ದಿ ಎಂಪರರ್ ವಾಸ್ ಡಿವೈನ್’ (2002) ಕಾದಂಬರಿಯ ಕುಟುಂಬಕ್ಕೆ ಹೆಸರಿಲ್ಲ. ತಾಯಿ, ಹುಡುಗಿ, ಹುಡುಗ, ತಂದೆ, ಅಷ್ಟೇ. 1942ರ ಫೆಬ್ರವರಿಯಲ್ಲಿ ರೂಸ್‌ವೆಲ್ಟ್ ಸಹಿ ಹಾಕಿದ ಆದೇಶದಿಂದಾಗಿ ಅಮೆರಿಕದ ಸುಮಾರು 1,20,000 ಜಪಾನಿ ಮೂಲದವರು ಮುಳ್ಳುತಂತಿಯ ಶಿಬಿರಗಳನ್ನು ಸೇರಿದರು. ಈ ಕುಟುಂಬದ ಪಾಲಿಗೆ ಬಂದದ್ದು ಯೂಟಾ ಮರುಭೂಮಿಯ ಟೋಪಾಜ್. ತಂದೆಯನ್ನು ಅದಕ್ಕೂ ಮೊದಲೇ ಮನೆಯೊಳಗೆ ಮೆಟ್ಟುವ ಚಪ್ಪಲಿಯಲ್ಲೇ ಹಿಡಿದೊಯ್ದಿರುತ್ತಾರೆ. ಹುಡುಗನನ್ನು ಯುದ್ಧಕ್ಕಿಂತ ಆ ಚಪ್ಪಲಿಯೇ ಹೆಚ್ಚು ಕಾಡುತ್ತದೆ.

ಅದೇ 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರ ಎಂದು ಸಾರಿಕೊಂಡಿತು. ಎರಡೂ ಕತೆ ಒಂದೇ ಅಲ್ಲ. ಟೋಪಾಜಿನವರು ಏನೂ ಮಾಡದೆ ಶಿಕ್ಷೆ ಉಂಡವರು. ಈಸೂರಿನವರು ತಿಳಿದೇ ಸರ್ಕಾರವನ್ನು ಎದುರು ಹಾಕಿಕೊಂಡವರು. ಆದರೂ ನಾನು ಅವೆರಡನ್ನೂ ಜೊತೆಗಿಟ್ಟು ಓದುವುದು ಮಕ್ಕಳ ಕಾರಣಕ್ಕೆ. ಈಸೂರಿನವರು ಬಾಲಕ ಜಯಣ್ಣನನ್ನು ಅಮಲ್ದಾರನನ್ನಾಗಿ, ಹುಡುಗ ಮಲ್ಲಪ್ಪನನ್ನು ಸಬ್ ಇನ್ಸ್‌ಪೆಕ್ಟರನನ್ನಾಗಿ ಮಾಡಿದ್ದರು.

ಸೊರಬದಲ್ಲಿರುವ ನಮ್ಮಕ್ಕನ ಮಕ್ಕಳಿಬ್ಬರನ್ನು ಈಚೆಗೆ ಈಸೂರಿಗೆ ಕರೆದುಕೊಂಡು ಹೋಗಿದ್ದೆ. ದೊಡ್ಡವಳು ಆಗಸ್ಟ್ 15ಕ್ಕೆ ಈಸೂರಿನ ಮೇಲೆ ಭಾಷಣ ಬಾಯಿಪಾಠ ಮಾಡಿದವಳು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬಲ್ಲಿಗೆ ಅವಳ ಭಾಷಣ ಮುಗಿಯುತ್ತದೆ, ಚಪ್ಪಾಳೆ ಬೀಳುತ್ತದೆ. ಹುತಾತ್ಮರ ಸ್ಮಾರಕದ ಮುಂದೆ ಚಿಕ್ಕವನು ಕೇಳಿದ್ದು ಬೇರೆಯೇ: “ಚಿಕ್ಕೀ, ಅಮಲ್ದಾರ ಆದ್ಮೇಲೆ ಅವ್ನು ಮತ್ತೆ ಶಾಲೆಗೆ ಹೋದ್ನಾ?”

ನಾನು ಕೇಳಿದ ಶಾಲಾ ಭಾಷಣಗಳಲ್ಲಿ ಈ ‘ಆಮೇಲೆ’ ಇರುವುದಿಲ್ಲ. ಆ ಸೆಪ್ಟೆಂಬರಿನಲ್ಲಿ ನಿಜವಾದ ಅಮಲ್ದಾರರು ಪೊಲೀಸರೊಂದಿಗೆ ಊರಿಗೆ ಬಂದರು. ಅವರಿಗೆ ಗಾಂಧಿ ಟೋಪಿ ತೊಡಿಸುವ ಒತ್ತಾಯ, ಜಗಳ, ಗುಂಡು. ಕೊನೆಗೆ ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಇಬ್ಬರೂ ಹತರಾದರು. ಊರವರು ಕಾಡು ಸೇರಿದರು, ಮನೆಗಳು ಲೂಟಿಯಾದವು. ಜೈಲು ಕಂಡವರಲ್ಲಿ ಹೆಂಗಸರೂ ಇದ್ದರು. 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. (ಈ ಮಲ್ಲಪ್ಪ ಬೇರೆ, ಇನ್ಸ್‌ಪೆಕ್ಟರನಾದ ಹುಡುಗ ಬೇರೆ. ದೊಡ್ಡವಳು ಇಬ್ಬರನ್ನೂ ಒಬ್ಬನೆಂದೇ ತಿಳಿದಿದ್ದಳು.)

ಇದನ್ನೆಲ್ಲ ಮಕ್ಕಳಿಗೆ ಹೇಳಬೇಕೇ ಎಂದು ಕೇಳುವವರಿದ್ದಾರೆ. ಒಟ್ಸುಕಾ ಕೃತಿಯ ಬಲ ಇರುವುದೇ ಇಲ್ಲಿ. ಶಿಬಿರದಿಂದ ಬಿಡುಗಡೆಯಾಯಿತು ಎಂಬಲ್ಲಿಗೆ ಅವರು ಕತೆ ನಿಲ್ಲಿಸುವುದಿಲ್ಲ. ಮಕ್ಕಳು ಹಾಳುಬಿದ್ದ ಮನೆಗೆ ಮರಳುತ್ತಾರೆ. ವರ್ಷಗಳ ಮೇಲೆ ರೈಲಿನಿಂದ ಇಳಿದ ಮುದುಕನನ್ನು ತಮ್ಮ ಅಪ್ಪ ಎಂದು ಒಪ್ಪಲು ತಡವರಿಸುತ್ತಾರೆ. ದನಿ ಎಲ್ಲೂ ಏರುವುದಿಲ್ಲ. ಕಡೆಯ ಪುಟ್ಟ ಅಧ್ಯಾಯದಲ್ಲಿ ಮಾತ್ರ ಸಿಟ್ಟು ಒಮ್ಮೆಗೇ ಒಡೆಯುತ್ತದೆ. ಅದು ಕಾದಂಬರಿಗೆ ಹೊರಗಿನದು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಅಷ್ಟು ಹೊತ್ತು ನುಂಗಿಕೊಂಡದ್ದು ಎಲ್ಲಾದರೂ ಹೊರಬರಲೇಬೇಕಲ್ಲ.

ನಮ್ಮ ಭಾಷಣಗಳ ಜಯಣ್ಣ ಮಾತ್ರ ಇನ್ನೂ ಪಟ್ಟದ ಮೇಲೆಯೇ ಕೂತಿದ್ದಾನೆ. ಕಾಡಿನಲ್ಲಿ ಅವನಿಗೆ ಅನ್ನ ಸಿಕ್ಕಿತೇ, ತಾನು ಯಾರ ಹುದ್ದೆಯಲ್ಲಿದ್ದೆನೋ ಆ ಮನುಷ್ಯ ಸತ್ತ ಸುದ್ದಿ ಅವನಿಗೆ ಹೇಗೆ ಕೇಳಿಸಿತು? ಚಿಕ್ಕವನ ಪ್ರಶ್ನೆಗೆ ಉತ್ತರವಾಗಿ ಒಂದು ಕನ್ನಡ ಕಾದಂಬರಿ ಬರೆಯುವವರು ಅಲ್ಲಿಂದ ಶುರುಮಾಡಬಹುದು.