ಕೊನೆಯ ದಿನಾಂಕ ಯಾರಿಗೆ?

ಪಿಯುಸಿ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಹೊಸಪೇಟೆಯ ಕಾಲೇಜುಗಳ ಸೂಚನಾ ಫಲಕದ ಮೇಲೆ ಒಂದು ಬಗೆಯ ಕನ್ನಡ ಕಾಣಿಸಿಕೊಳ್ಳುತ್ತದೆ. ನಿಗದಿತ ದಿನಾಂಕದೊಳಗೆ ಶುಲ್ಕ ಪಾವತಿಸತಕ್ಕದ್ದು, ತಪ್ಪಿದಲ್ಲಿ ಸೀಟು ರದ್ದಾಗುವುದು, ಯಾವ ಕಾರಣಕ್ಕೂ ಅವಧಿ ವಿಸ್ತರಿಸಲಾಗುವುದಿಲ್ಲ. ಅದೇ ವಿದ್ಯಾರ್ಥಿ ಆರು ತಿಂಗಳ ನಂತರ ತನ್ನ ವಿದ್ಯಾರ್ಥಿವೇತನ ಎಲ್ಲಿಗೆ ಬಂತೆಂದು ಕೇಳಿದರೆ ಸಿಗುವ ಕನ್ನಡವೇ ಬೇರೆ: ಪರಿಶೀಲನೆಯಲ್ಲಿದೆ, ಅನುದಾನ ಬಂದ ನಂತರ ಜಮಾ ಮಾಡಲಾಗುವುದು. ಮೊದಲನೆಯದರಲ್ಲಿ ತಾರೀಖಿದೆ, ತಪ್ಪಿದವರಿಗೆ ಶಿಕ್ಷೆಯಿದೆ. ಎರಡನೆಯದರಲ್ಲಿ ಎರಡೂ ಇಲ್ಲ. ಜಮಾ ಮಾಡುವವರು ಯಾರು ಎಂಬುದೂ ಇಲ್ಲ. ಕಥೆ ಬರೆಯುವ ನಮಗೆ ಇದು ಬರಿಯ ವ್ಯಾಕರಣವಾಗಿ ಕಾಣುವುದಿಲ್ಲ. ತಾರೀಖು ಬಡವನಿಗೆ ಮಾತ್ರ, ಕಚೇರಿಗಲ್ಲ ಎಂಬ ತೀರ್ಮಾನ ಈ ವಾಕ್ಯಗಳ ಒಳಗೇ ಅಡಗಿದೆ.

ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವ ಒಬ್ಬರ ಮಗಳಿಗೆ ಹೊಸಪೇಟೆಯಲ್ಲಿ ಬಿ.ಕಾಂ. ಸೀಟು ಸಿಕ್ಕಿದೆ ಎಂದುಕೊಳ್ಳೋಣ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇರುವುದೇ ಇಂಥವಳಿಗಾಗಿ. ಆದರೆ ಅರ್ಜಿ ಹಾಕಲು ಅವಳು ಮೊದಲು ಕಾಲೇಜಿಗೆ ಸೇರಿರಬೇಕು, ಸೇರಲು ಶುಲ್ಕ ಕಟ್ಟಿರಬೇಕು. ಅಂದರೆ ಸಹಾಯ ಬೇಕಾದ ದಿನ ಸಹಾಯ ಇರುವುದಿಲ್ಲ. ಹೇಗೋ ದುಡ್ಡು ಹೊಂದಿಸಿಕೊಂಡವರಿಗೆ ಮುಂದೊಂದು ದಿನ ಅದು ಬರುತ್ತದೆ. ಇದನ್ನು ಸಹಾಯಧನ ಎನ್ನುವುದಕ್ಕಿಂತ ಮರುಪಾವತಿ ಎನ್ನುವುದೇ ಸರಿ. ನಡುವಿನ ತಿಂಗಳುಗಳನ್ನು ತುಂಬುವುದು ಅಮ್ಮನ ಕಿವಿಯೋಲೆ, ಇಲ್ಲವೇ ವಾರಕ್ಕೊಮ್ಮೆ ಕಂತು ಕಟ್ಟಬೇಕಾದ ಸಂಘದ ಸಾಲ. ಆ ಕಂತಿಗೂ ತಾರೀಖಿದೆ ಎಂಬುದನ್ನು ಮರೆಯಬಾರದು.

ವೃತ್ತಿಶಿಕ್ಷಣದ ಸಿಇಟಿಯಲ್ಲಿ ಇದು ಇನ್ನೂ ಬಿಗಿ. ಸೀಟು ಹಂಚಿಕೆಯಾದ ಮೇಲೆ ಅಭ್ಯರ್ಥಿಯ ಮುಂದೆ ನಾಲ್ಕು ಆಯ್ಕೆಗಳಿರುತ್ತವೆ. ಒಪ್ಪಿ ಶುಲ್ಕ ಕಟ್ಟಿ ಕಾಲೇಜಿಗೆ ಹಾಜರಾಗುವುದು, ಸಿಕ್ಕಿದ್ದನ್ನು ಹಿಡಿದುಕೊಂಡೇ ಮುಂದಿನ ಸುತ್ತಿಗೆ ಕಾಯುವುದು, ಕೈಬಿಟ್ಟು ಕಾಯುವುದು, ಪೂರ್ತಿ ಹೊರನಡೆಯುವುದು. ಸೀಟು ಬೇಕು, ಹಣ ಮುಂದಿನ ತಿಂಗಳು ಎನ್ನುವ ಐದನೆಯ ಆಯ್ಕೆ ಇಲ್ಲ. ಹಮಾಲಿಯ ಮನೆಯಲ್ಲಿ ನಿಜವಾಗಿ ಇರುವುದು ಆ ಐದನೆಯದೊಂದೇ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಯೋಜನೆ ಈ ತೊಡಕನ್ನು ಸರಿಯಾಗಿ ಗುರುತಿಸಿದೆ. ಅದರಲ್ಲಿ ನಿಗಮವೇ ವಿದ್ಯಾರ್ಥಿಯ ಪರವಾಗಿ ಶುಲ್ಕ ತುಂಬುತ್ತದೆ. ಹಣ ಸೀಟಿಗಿಂತ ಮೊದಲು ಸಿದ್ಧವಾಗಬೇಕೆಂಬ ಸರಳ ಸಂಗತಿ ಸರ್ಕಾರಕ್ಕೆ ಗೊತ್ತಿದೆ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಅದು ಸಾಲ, ಅದೂ ವೃತ್ತಿ ಕೋರ್ಸುಗಳವರಿಗೆ. ಕಂಪ್ಲಿಯ ಬಿ.ಕಾಂ. ಹುಡುಗಿಗೆ ಅದು ದಕ್ಕುವುದಿಲ್ಲ.

ಈ ಸೀಮೆಯ ದುಡ್ಡಿಗೆ ಅದರದೇ ಪಂಚಾಂಗವಿದೆ. ಕಾಲುವೆಗೆ ನೀರು ಬಿಟ್ಟಾಗ, ಜುಲೈ–ಆಗಸ್ಟ್‌ನಲ್ಲಿ, ಭತ್ತದ ನಾಟಿ. ರೈತನ ಕೈ ಬರಿದಾಗುವುದು ಆಗಲೇ. ಕೊಯ್ಲು ಮುಗಿದು ಕಾಸು ಕಾಣುವುದು ನವೆಂಬರ್–ಡಿಸೆಂಬರಿನಲ್ಲಿ. ಸರ್ಕಾರದ ಪಂಚಾಂಗ ಮಾರ್ಚಿಗೆ ಮುಗಿಯುತ್ತದೆ. ಕಾಲೇಜಿನದು ಮಳೆಗಾಲಕ್ಕೆ ಶುರುವಾಗುತ್ತದೆ. ಮುಸ್ಲಿಮರಲ್ಲಿ ಇನ್ನೊಂದಿದೆ. ಜಕಾತಿನ ಹಣ ಹೆಚ್ಚಾಗಿ ಹೊರಬರುವುದು ರಮಜಾನಿನಲ್ಲಿ. ಚಾಂದ್ರಮಾನದ ಈ ತಿಂಗಳು ವರ್ಷಕ್ಕೆ ಹತ್ತು–ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2015, 2016ರಲ್ಲಿ ರಮಜಾನ್ ಜೂನ್–ಜುಲೈನಲ್ಲಿ ಬಂದು ಕಾಲೇಜು ಸೇರುವ ದಿನಗಳಿಗೆ ತಾನಾಗಿಯೇ ಕೂಡಿತ್ತು. 2025ರಲ್ಲಿ ಮಾರ್ಚಿಗೇ ಬಂದು ಹೋಯಿತು. ಪಡೆಯಲು ಅರ್ಹರಾದ ವಿದ್ಯಾರ್ಥಿಗಳ ಪಾಲನ್ನು ತೆಗೆದಿಟ್ಟು ಶುಲ್ಕದ ವಾರದಲ್ಲಿ ಕೊಡುವ ಏರ್ಪಾಡು ಎಷ್ಟು ಊರುಗಳಲ್ಲಿದೆ ಎಂದು ನಮ್ಮ ಜಮಾತುಗಳು ತಮ್ಮನ್ನೇ ಕೇಳಿಕೊಳ್ಳಬೇಕು. ಇಲಾಖೆಯನ್ನು ಬೈಯುವಷ್ಟೇ ಇದೂ ಮುಖ್ಯ.

ಹಿಂದೆ ಬಡ ಹುಡುಗರು ವಾರಾನ್ನ ಉಂಡು ಓದಿದರೆಂದು ಹಿರಿಯರು ಹೆಮ್ಮೆಯಿಂದ ಬರೆಯುತ್ತಾರೆ. ಆ ಪದ್ಧತಿಗೆ ಜಾತಿಯ ಹೊಸ್ತಿಲಿತ್ತು; ನಮ್ಮವರಿಗೆ, ದಲಿತರಿಗೆ ಅದು ದಾಟಲು ಸಿಕ್ಕಲಿಲ್ಲ. ಆದರೂ ಒಂದು ಮಾತು ಹೇಳಬೇಕು. ಸೋಮವಾರದ ಮನೆ ಯಾವುದು, ಗುರುವಾರದ ಮನೆ ಯಾವುದು ಎಂದು ಆ ಹುಡುಗನಿಗೆ ಗೊತ್ತಿರುತ್ತಿತ್ತು.

ತಡಕ್ಕೆ ಕಾರಣ ಕೇಳಿದರೆ ದಾಖಲೆಯ ಮಾತು ಬರುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕಲಿತ ನಮಗೆ ಇದರ ಒಳಗುಟ್ಟು ಗೊತ್ತು. ಉರ್ದು ಮೇಷ್ಟ್ರು ಖದೀಜಾ ಬೇಗಂ ಎಂದು ಬರೆದದ್ದನ್ನು ಕನ್ನಡದ ಗುಮಾಸ್ತರು ಕತೀಜಾಬಿ ಮಾಡುತ್ತಾರೆ. ಆಧಾರ್ ಕೇಂದ್ರದ ಹುಡುಗ ತನಗೆ ತಿಳಿದ ಇಂಗ್ಲಿಷ್ ಕಾಗುಣಿತದಲ್ಲಿ ಮೂರನೆಯ ಹೆಸರು ಇಡುತ್ತಾನೆ. ಮನೆಯವರಿಗೆ ಮೂರೂ ಒಬ್ಬಳೇ. ಗಣಕಯಂತ್ರಕ್ಕೆ ಮೂವರು. ತಿದ್ದುಪಡಿಗೆ ಅಲೆಯುವ ದಿನಗೂಲಿ ಮಾತ್ರ ಖದೀಜಾಳ ತಂದೆಯದು.

ಅಲೆದಾಟಕ್ಕೆ 2021ರಲ್ಲಿ ಇನ್ನೊಂದು ಸುತ್ತು ಸೇರಿತು. ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಅದರ ಕೇಂದ್ರವಾಯಿತು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಎರಡೂ ಊರುಗಳಿಗೆ ಹೊಸಪೇಟೆ ಹತ್ತಿರ, ಬಳ್ಳಾರಿ ದೂರ. ಓದುವ ಕಾಲೇಜು ಒಂದು ಜಿಲ್ಲೆಯಲ್ಲಿ, ಆದಾಯ ಪ್ರಮಾಣಪತ್ರ ಕೊಡುವ ತಾಲ್ಲೂಕು ಇನ್ನೊಂದರಲ್ಲಿ. ಸಂಡೂರಿನದು ಇದಕ್ಕಿಂತ ಉದ್ದದ ಕಥೆ. ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದ್ದು 2011ರಲ್ಲಿ. ಆಮೇಲೆ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸಾವಿರಾರು ಕೋಟಿ ಕೂಡಿಬಿತ್ತು. ಆ ಹಣದ ಯೋಜನೆಗೆ ಕೋರ್ಟಿನ ಒಪ್ಪಿಗೆ ದೊರೆತದ್ದು 2022ರಲ್ಲಿ. 2011ರಲ್ಲಿ ಒಂದನೇ ತರಗತಿಗೆ ಸೇರಿದ ಸಂಡೂರಿನ ಮಗು ಅಷ್ಟರಲ್ಲಿ ಪಿಯುಸಿಗೆ ಬಂದಿತ್ತು.

ಅದೇ 2022 ಅಲ್ಪಸಂಖ್ಯಾತ ಮಕ್ಕಳಿಗೂ ಒಂದು ಪಾಠ ಕಲಿಸಿತು. ಸಾಚಾರ್ ವರದಿ ಬಂದದ್ದು 2006ರಲ್ಲಿ. ಅದರ ಬೆನ್ನಿಗೆ ಶುರುವಾದ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನಕ್ಕೆ ಆ ವರ್ಷವೂ ಮಕ್ಕಳು ಎಂದಿನಂತೆ ಅರ್ಜಿ ಹಾಕಿದ್ದರು. ನವೆಂಬರಿನಲ್ಲಿ ಕೇಂದ್ರ ಸರ್ಕಾರ ಶಿಕ್ಷಣ ಹಕ್ಕು ಕಾಯ್ದೆಯ ಕಾರಣ ಹೇಳಿ 1ರಿಂದ 8ನೇ ತರಗತಿಯವರನ್ನು ಯೋಜನೆಯಿಂದ ಕೈಬಿಟ್ಟಿತು. ಡಿಸೆಂಬರಿನಲ್ಲಿ, ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ನಿಲ್ಲಿಸಿರುವುದಾಗಿ ಸಂಸತ್ತಿನಲ್ಲಿ ತಿಳಿಸಿತು. ಇತರ ಯೋಜನೆಗಳೊಂದಿಗೆ ಇದು ಬೆರೆಯುತ್ತದೆ ಎಂಬುದು ಕೊಟ್ಟ ಕಾರಣ. ಯೋಜನೆಯನ್ನು ಬದಲಿಸುವ ಅಧಿಕಾರ ಸರ್ಕಾರಕ್ಕಿದೆ, ನಿಜ. ಆದರೆ ಅರ್ಜಿಗೆ ಕೊನೆಯ ದಿನಾಂಕ ಇಟ್ಟವರು ಹಿಂತೆಗೆತಕ್ಕೂ ಒಂದು ಕೊನೆಯ ದಿನಾಂಕ ಇಟ್ಟುಕೊಳ್ಳಬಾರದೇ?

ಇದು ಮುಸ್ಲಿಮರ ಗೋಳು ಮಾತ್ರ ಎಂದು ಭಾವಿಸುವವರು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕಡೆ ನೋಡಬೇಕು. ಕನ್ನಡಕ್ಕೆಂದೇ 1991ರಲ್ಲಿ ಹುಟ್ಟಿದ ಸಂಸ್ಥೆ ಅದು. 2020ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ಪರಿಶಿಷ್ಟ ಜಾತಿ, ಪಂಗಡದ ಸಂಶೋಧಕರು ಬಾಕಿ ಫೆಲೋಶಿಪ್ಪಿಗಾಗಿ ಪ್ರತಿಭಟಿಸಬೇಕಾಯಿತು. ಮಹಾಪ್ರಬಂಧ ಸಲ್ಲಿಸಲು ಅವರಿಗೆ ಅವಧಿಯಿತ್ತು; ಅವರ ಹಣಕ್ಕೆ ಇರಲಿಲ್ಲ. ಕನ್ನಡದ ಅಭಿಮಾನ ನವೆಂಬರ್ 1ರಂದು ಉಕ್ಕಿ ಹರಿಯುವ ನಾಡಿನಲ್ಲಿ ಕನ್ನಡದ ಸಂಶೋಧಕ ಮೆಸ್ಸಿನ ಬಾಕಿಗೆ ತಲೆತಗ್ಗಿಸಿ ನಡೆಯುವುದು ಯಾರ ಕಣ್ಣಿಗೂ ಬೀಳಲಿಲ್ಲವೆಂದರೆ ನಂಬುವುದು ಕಷ್ಟ.

ಇಲಾಖೆಗಳ ವರದಿಗಳಲ್ಲಿ ಎಷ್ಟು ಮಂದಿಗೆ ಎಷ್ಟು ಕೋಟಿ ಕೊಟ್ಟೆವು ಎಂಬ ಲೆಕ್ಕ ಸಿಗುತ್ತದೆ. ಸೀಟು ಸಿಕ್ಕಿಯೂ ಶುಲ್ಕದ ದಿನ ಬಾರದೆ ಹೋದವರ ಲೆಕ್ಕ ಅಲ್ಲಿರುವುದಿಲ್ಲ. ಕಾಲೇಜಿಗೇ ಸೇರದವರು ಅರ್ಜಿದಾರರೇ ಆಗುವುದಿಲ್ಲವಲ್ಲ. ಆದರೆ ಅವರ ಹೆಸರುಗಳು ಕಳೆದುಹೋಗಿಲ್ಲ. ಪ್ರತಿ ಕಾಲೇಜಿನಲ್ಲೂ ಆಯ್ಕೆಯಾದವರ ಪಟ್ಟಿ ಒಂದಿದೆ, ಸೇರಿದವರ ಪಟ್ಟಿ ಇನ್ನೊಂದಿದೆ. ಹೊಸಪೇಟೆ, ಸಂಡೂರು, ಕಂಪ್ಲಿಯ ಪ್ರಾಂಶುಪಾಲರು ಈ ಜೂನಿನಲ್ಲಿ ಆ ಎರಡನ್ನೂ ಪಕ್ಕಪಕ್ಕ ಇಟ್ಟು, ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದವರ ಮನೆಗೆ ಒಂದು ಫೋನು ಮಾಡಿಸಲಿ.